ಈ ವರ್ಷ ಎಲ್ಲರಿಗೂ ಗಾಜು

ಆಗಸ್ಟ್ ೫, ಸೋಮವಾರ

ಪ್ರಾಜೆಕ್ಟ್ ಸಲಹೆಯ ನನ್ನ ಅಂಗಡಿ ತೆರೆಯಿತು. ಬಾಗಿಲ ಹೊರಗೆ ಆನರ್ಸ್ ಅಂತಿಮ ವರ್ಷದ ಮಕ್ಕಳ ಸಾಲು, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಬ್ರಹ್ಮಾಂಡ. ಮೊದಲನೆಯವನು ಬಡತನದ ಮೂಲ ಕಂಡುಹಿಡಿಯಬೇಕಂತೆ. ಅವನ ಹಿಂದಿದ್ದವಳು ಪ್ರಜ್ಞೆ ಎಂದರೇನು ಅಂತ ತೀರ್ಮಾನ ಮಾಡಬೇಕಂತೆ, ಅದೂ ಏಪ್ರಿಲ್ ಒಳಗೆ. ಆಮೇಲೆ ಬಂದವನು ಏನೂ ತಂದಿರಲಿಲ್ಲ. "ನೀವೇ ಏನಾದ್ರೂ ಕೊಡಿ ಮೇಡಂ" ಅಂದ, ಹೋಟೆಲಿನಲ್ಲಿ ಕೂತವನ ಹಾಗೆ. ಮೂವರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಅವನ ಮೇಲೇ.

ನನ್ನ ಕೆಲಸ ಕತ್ತರಿಸುವುದು. ಬ್ರಹ್ಮಾಂಡ ತಂದವರಿಗೆ ಒಂದು ವರ್ಷದಲ್ಲಿ ಮುಗಿಯುವಷ್ಟು ತುಂಡು ಕತ್ತರಿಸಿ ಕೊಟ್ಟು, ಯಾವ ತಿಂಗಳು ಏನು ಮಾಡಬೇಕು, ಯಾರನ್ನು ಕಾಡಬೇಕು, ಯಾವ ವರ್ಕ್‌ಶಾಪಿಗೆ ಹೋಗಬೇಕು ಅಂತ ಯೋಜನೆ ಬರೆಸಿ ಸಹಿ ಹಾಕುತ್ತೇನೆ. ಎಲ್ಲರಿಗೂ ನನ್ನ ಪ್ರಶ್ನೆ ಒಂದೇ: ಕೊನೆಗೆ ಪರೀಕ್ಷಕರ ಮುಂದೆ ಮೇಜಿನ ಮೇಲೆ ಏನಿಡ್ತೀಯ? ಕಲ್ಲೋ, ನಕ್ಷೆಯೋ, ಹಳೇ ಚಪ್ಪಲಿಯೋ, ಏನಾದರೂ ಇರಬೇಕು. ಮನೆ ಮನೆಗೆ ವಿಶ್ವಕೋಶ ಮಾರುತ್ತಿದ್ದಾಗ ಕಲಿತದ್ದು ಇದು. ಜ್ಞಾನದ ಮೇಲೆ ಭಾಷಣ ಬಿಗಿದರೆ ಬಾಗಿಲು ಮುಚ್ಚುತ್ತಾರೆ, ಸಂಪುಟವನ್ನು ಕೈಗಿಟ್ಟರೆ ಒಳಗೆ ಕರೆಯುತ್ತಾರೆ. ನಮ್ಮ ನಿರ್ದೇಶಕರಿಗೂ ಹಾಗೇ ಒಂದು ಸೆಟ್ ದಾಟಿಸಿದ್ದೆ. ಅದನ್ನು ಅವರು ಇನ್ನೂ ಬಿಚ್ಚಿಲ್ಲ. ಮಾರಿದವಳನ್ನು ಮಾತ್ರ ಕರೆದು ಈ ಕುರ್ಚಿ ಕೊಟ್ಟರು. ಸಂಜೆ ಕಾಲೇಜಿನ ನನ್ನ ಪದವಿಯ ಶಾಯಿ ಆಗಿನ್ನೂ ಹಸಿ.

ಮಧ್ಯಾಹ್ನ ಅವರೇ ಕರೆಸಿದರು. ಜನವರಿಯಲ್ಲಿ ಸಮಿತಿ ಕೂತು, ಕೆಲಸವಿಲ್ಲದ ವರ್ಕ್‌ಶಾಪುಗಳನ್ನು ಮುಚ್ಚುತ್ತಂತೆ.

"ಮೊದಲನೇ ಬಲಿ ಗಾಜಿನದು," ಅಂದರು. "ಈಗ ಯಾರು ಗಾಜು ಊದಿಸ್ತಾರೆ ಹೇಳಿ? ಎಲ್ಲ ಕ್ಯಾಟಲಾಗ್ ನೋಡಿ ತರಿಸ್ಕೊಳ್ತಾರೆ."

"ಕೆಲಸ ಬಂದ್ರೆ?"

"ಬಂದ್ರೆ ಉಳೀತು. ನಿಮ್ಮ ಆನರ್ಸ್ ಮಕ್ಕಳ ಪ್ರಾಜೆಕ್ಟಿಗೆ ಗಾಜು ಬೇಕಾದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಯಾಕೆ, ಏನು ವಿಷಯ?"

"ಏನಿಲ್ಲ, ತಿಳ್ಕೊಂಡಿರೋಣ ಅಂತ."

ಯಾಕೆ ಕೇಳಿದೆನೋ. ವಿಶ್ವವಿದ್ಯಾಲಯದ ಆಸ್ತಿ ಹಾಳಾಗಬಾರದು ಅಂತ ಇರಬೇಕು.

ಆಗಸ್ಟ್ ೯, ಶುಕ್ರವಾರ

ವಿಜ್ಞಾನ ಕಟ್ಟಡದ ನೆಲಮಾಳಿಗೆಗೆ ಹೋಗಿದ್ದೆ. ಸುದ್ದಿ ತಿಳಿಸುವುದು ನನ್ನ ಧರ್ಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಬರ್ನರಿನ ಭೋರಾಟದಲ್ಲಿ ಅವರಿಗೆ ಫೋನು ಕೇಳಿಸುವುದಿಲ್ಲ. ಕೇಳಿಸುತ್ತದೆ ಅಂತ ಯಾರೋ ಹೇಳಿದ್ದರು. ನಾನು ಪರೀಕ್ಷಿಸಲು ಹೋಗಿಲ್ಲ.

ಎಲ್ಲರೂ ಅವರನ್ನು ಗಾಜಿನ ಮೇಷ್ಟ್ರು ಅನ್ನುತ್ತಾರೆ. ಪಾಠ ಮಾಡುವವರಲ್ಲ. ಪ್ರಯೋಗಾಲಯಗಳಿಗೆ ಬೇಕಾದ ನಳಿಕೆ, ಬುರುಡೆ, ಸುರುಳಿಗಳನ್ನು ಬೆಂಕಿಯಲ್ಲಿ ಊದಿ ಮಾಡಿಕೊಡುವವರು. ಗೋಡೆಯುದ್ದಕ್ಕೂ ಗಾಜಿನ ಕೊಳವೆಗಳು, ಬೆರಳು ಗಾತ್ರದ್ದು ಒಂದು ಕಡೆ, ತೋಳು ಗಾತ್ರದ್ದು ಇನ್ನೊಂದು ಕಡೆ. ಆ ಕೋಣೆಯಲ್ಲಿ ಯಾವುದೂ ಜಾಗ ಬದಲಿಸಿದ್ದನ್ನು ನಾನು ಕಂಡಿಲ್ಲ.

"ಜನವರಿಗೆ ನಿಮ್ಮ ಅಂಗಡಿ ಮುಚ್ಚೋ ಯೋಚನೆಯಲ್ಲಿದಾರೆ ಮೇಷ್ಟ್ರೇ."

"ಹೌದಾ? ಕೂತ್ಕೊಳ್ಳಿ. ಅದ್ರ ಮೇಲೆ ಬೇಡ, ಆ ಸ್ಟೂಲ್ ಕುಂಟುತ್ತೆ. ಇಲ್ಲಿ ಬನ್ನಿ."

"ನಾನು ಅಂಗಡಿ ಮುಚ್ತಾರೆ ಅಂತಿದೀನಿ, ನೀವು ಸ್ಟೂಲ್ ವಿಷಯ ಮಾತಾಡ್ತಿದೀರಲ್ಲ!"

"ಅದು ಮುಚ್ಚೋದು ಜನವರಿಗೆ. ನೀವು ಬೀಳೋದು ಈಗ."

ಆಮೇಲೆ ಏನು ಮಾಡುತ್ತೀರಿ ಅಂತ ಕೇಳಿದೆ. ಅಕ್ಕ ಕರೆಯುತ್ತಿದ್ದಾರಂತೆ. ಅವರ ಮನೆ ಮುಂದೆ ಒಂದು ಗ್ಯಾರೇಜು ಖಾಲಿ ಬಿದ್ದಿದೆ, ಬಂದು ಅಲ್ಲೇ ಏನಾದರೂ ಊದಿಕೊಂಡಿರು ಅಂತಾರಂತೆ. ದೂರವಾ ಅಂದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಅಂದರು, ಹಾಲು ತರುವ ಅಂಗಡಿಯ ದಾರಿ ಹೇಳುವಷ್ಟು ಆರಾಮಾಗಿ.

ಈ ಮನುಷ್ಯನ ಬಗ್ಗೆ ನನ್ನ ಖಾತೆಯಲ್ಲಿರುವುದು ಇಷ್ಟು: ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ, ಚಹಾಕ್ಕೆ ಸಕ್ಕರೆ ಹಾಕಲು ಮರೆಯುತ್ತಾರೆ, ನಾನು ಮಾತಾಡುವಾಗ ಗಡಿಯಾರ ನೋಡುವುದಿಲ್ಲ. ಕೊನೆಯದು ಸಾಮಾನ್ಯದ ಬಾಬತ್ತಲ್ಲ. ನನ್ನ ಮಾಜಿ ಗಂಡ ನನ್ನ ಮಾತು ಶುರುವಾದ ಕೂಡಲೇ ಕಾಣಲಿ ಅಂತ ಗೋಡೆ ಗಡಿಯಾರವನ್ನು ನನ್ನ ತಲೆಯ ಹಿಂದಕ್ಕೆ ಬದಲಾಯಿಸಿಕೊಂಡಿದ್ದ.

ಆಗಸ್ಟ್ ೧೯

ಇವತ್ತಿನ ಸಹಿಗಳು. ಇತಿಹಾಸದ ಹುಡುಗಿಗೆ ಹಳೇ ಬೀದಿ ದೀಪಗಳು ಬೇಕಿತ್ತು. ದೀಪದ ಬುರುಡೆಯನ್ನು ಹಿಂದಿನ ಅಳತೆಯಲ್ಲೇ ಮಾಡಿಸಿ ಎಷ್ಟು ಬೆಳಕು ಬರುತ್ತಿತ್ತು ನೋಡೋಣ ಅಂದೆ. ಅವಳ ಕಣ್ಣಲ್ಲೇ ದೀಪ ಹತ್ತಿತು. ಸಂಗೀತದವನು ಕೊಳಲಿನ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಅಂದ. ಬಿದಿರಿನ ಬದಲು ಗಾಜಿನ ಕೊಳಲಾದರೆ ಧ್ವನಿ ಹೇಗಿರುತ್ತೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದಕ್ಕೇ ಅಲ್ಲವೇ ಪ್ರಾಜೆಕ್ಟು? ಏನೂ ತರದೇ ಬಂದವನಿಗೆ ನೀರು ಶುದ್ಧಿ ಮಾಡುವ ಒಂದು ಗಾಜಿನ ಗೋಪುರ ಕೊಟ್ಟು ಕಳಿಸಿದೆ.

ಮೂವರಿಗೂ ಗಾಜೇ ಬಂದದ್ದು ಕಾಕತಾಳೀಯ. ಮೂವರನ್ನೂ ನೆಲಮಾಳಿಗೆಗೆ ನಾನೇ ಕರೆದುಕೊಂಡು ಹೋದೆ. ಮಕ್ಕಳಿಗೆ ದಾರಿ ತಪ್ಪುತ್ತದೆ.

ಆಗಸ್ಟ್ ೨೭, ಮಂಗಳವಾರ

ಜೀವಶಾಸ್ತ್ರದ ಒಬ್ಬಳು ಬಂದಳು. ಮೊಣಕೈಯಲ್ಲಿ ಕೆಸರು, ಕೈಯಲ್ಲಿ ತೂತು ಹಾಕಿದ ಡಬ್ಬಿ.

"ಏನು ತಿಳ್ಕೋಬೇಕಮ್ಮ ನಿಂಗೆ?"

"ಬಸವನಹುಳುನ ಎತ್ಕೊಂಡು ಹೋಗಿ ದೂರ ಬಿಟ್ರೆ ಅದು ತನ್ನ ಜಾಗಕ್ಕೆ ವಾಪಸ್ ಬರುತ್ತಾ ಅಂತ."

"ಬರುತ್ತಾ?"

"ನಮ್ಮ ಹಾಸ್ಟೆಲ್ ಹಿಂದಿನ ಗೋಡೇದು ಬರುತ್ತೆ ಮೇಡಂ. ಬೆನ್ನಿಗೆ ಉಗುರುಬಣ್ಣ ಹಚ್ಚಿ ತೋಟದ ಆ ಕಡೆ ಬಿಟ್ಟಿದ್ದೆ. ಎಲ್ಲ ಅಲ್ಲ, ಕೆಲವು ಬಂದ್ವು. ಅದೇ ಬಿರುಕಿಗೆ."

"ಯಾಕೆ ಬಂದ್ವು?"

"ಅದೇ ಅಲ್ವಾ ಮೇಡಂ ಪ್ರಶ್ನೆ!"

ಇದರಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಶ್ನೆ ನನ್ನ ಬಾಗಿಲಿಗೆ ಬಂದದ್ದು ಅಪರೂಪ. ಸುಮ್ಮನೆ ಸಹಿ ಹಾಕಿ ಕಳಿಸಬೇಕಿತ್ತು. ಆದರೆ ಗೋಡೆ ಅಂದರೆ ಬಿಸಿಲು, ಮಳೆ, ಬೆಕ್ಕು, ಪೈಪು ಹಿಡಿದ ತೋಟದವನು. ಪರೀಕ್ಷಕರು ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆ. ಅದನ್ನೇ ಹೇಳಿದೆ. ಎಲ್ಲವೂ ನಿನ್ನ ಹಿಡಿತದಲ್ಲಿರಬೇಕು ಅಂದೆ. ಕವಲು ಕವಲಾಗಿ ಹರಡುವ ಗಾಜಿನ ಕೊಳವೆಗಳ ಜಾಲ, ಒಂದು ತುದಿಯಲ್ಲಿ ಹುಳದ ಮನೆ, ಎಲ್ಲಿ ತಿರುಗಿತು ಎಲ್ಲಿ ನಿಂತಿತು ಅನ್ನುವುದು ಕಣ್ಣಿಗೆ ಕಾಣುತ್ತೆ, ಯೋಚಿಸು ಅಂದೆ.

"ಆದ್ರೆ ಗೋಡೆ ವಾಸನೆ ಮೇಡಂ? ಅವು ಅದನ್ನ ಹಿಡ್ಕೊಂಡು ಬರ್ತಾವೇನೋ ಅಂತ ನನಗೆ..."

"ವಾಸನೇನ ಪರೀಕ್ಷಕರ ಮುಂದೆ ಮೇಜಿನ ಮೇಲೆ ಇಡ್ತೀಯಾ?"

ಡಬ್ಬಿ ನೋಡುತ್ತಾ ಕೂತಳು. ಆಮೇಲೆ "ಸರಿ ಮೇಡಂ" ಅಂದಳು. ವಿಶ್ವಕೋಶ ಮಾರಿದ ನಾಲಿಗೆ ಇನ್ನೂ ತುಕ್ಕು ಹಿಡಿದಿಲ್ಲ.

ಸೆಪ್ಟೆಂಬರ್ ೬, ಶುಕ್ರವಾರ

ಹುಳದ ಹುಡುಗಿಯನ್ನು ಕೆಳಗೆ ಕರೆದುಕೊಂಡು ಹೋದೆ. ಮೇಷ್ಟ್ರು ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಜಾಲದ ಚಿತ್ರ ಬರೆದರು. ಒರೆಸಿದರು. ಮತ್ತೆ ಬರೆದರು. ಇಷ್ಟು ದೊಡ್ಡ ಕೆಲಸ ಬಂದು ಯಾವ ಕಾಲವಾಯಿತೋ ಅಂದರು. ಮುಖ ಮಾತ್ರ ಎಂದಿನ ಹಾಗೇ ಇತ್ತು. ಇವರ ಸಂತೋಷ ಕಾಣಿಸುವುದು ಕಿವಿಯಲ್ಲಿ. ಕೆಂಪಾಗುತ್ತದೆ.

"ಹುಳ ಎಷ್ಟು ಅಗಲ ಇರುತ್ತಮ್ಮಾ?" ಅಂತ ಕೇಳಿದರು.

ಅವಳು ಡಬ್ಬಿಯಿಂದ ಒಂದನ್ನು ತೆಗೆದು ಅವರ ಅಂಗೈ ಮೇಲಿಟ್ಟಳು. ಅದು ಸ್ವಲ್ಪ ಹೊತ್ತು ಮನೆಯೊಳಗೇ ಕೂತಿತ್ತು. ಆಮೇಲೆ ಕೋಡು ಚಾಚಿ, ಸುಟ್ಟ ಕಲೆಗಳ ಮೇಲೆ, ಗೆರೆಗಳ ಮೇಲೆ ಹೊರಟಿತು. ಅವರು ಕೈ ಅಲ್ಲಾಡಿಸಲಿಲ್ಲ.

"ಏನು ಹುಡುಕ್ತಿದೆ ಇದು, ನನ್ನ ಕೈಯಲ್ಲಿ?"

"ದಾರಿ ನೋಡ್ತಿದೆ ಸರ್."

ಅದು ಅಂಗೈ ದಾಟಿ ಮಣಿಕಟ್ಟಿಗೆ ಬರುವ ತನಕ ಯಾರೂ ಮಾತಾಡಲಿಲ್ಲ. ಬರ್ನರ್ ಕೂಡ ಆರಿತ್ತು. ಕೊನೆಗೆ ಹುಡುಗಿ ನನ್ನ ಕಡೆ ತಿರುಗಿ, "ಮೇಡಂ, ಹುಷಾರಿದೀರಾ? ಏನೂ ಮಾತಾಡ್ತಿಲ್ಲ" ಅಂದಳು.

ಗಂಟಲು ಕಟ್ಟಿದೆ ಅಂದೆ. ಮೇಷ್ಟ್ರು ಬಿಸಿನೀರು ಕಾಯಿಸಿ ಕೊಟ್ಟರು. ಗಂಟಲಿಗೆ ಏನೂ ಆಗಿರಲಿಲ್ಲ. ಪೂರ್ತಿ ಕುಡಿದೆ.

ಸೆಪ್ಟೆಂಬರ್ ೧೭

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳುತ್ತಿದ್ದೆ, ಗಾಜನ್ನು ಬೆಂಕಿಯಿಂದ ತೆಗೆದ ಕೂಡಲೇ ಹೊರಗಿಡಬಾರದು, ಒಲೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕು, ಇಲ್ಲದಿದ್ದರೆ ಒಳಗೆ ಬಿಗಿ ಉಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಒಂದು ದಿನ ಇಟ್ಟಲ್ಲೇ ಟಪ್ ಅನ್ನುತ್ತದೆ ಅಂತ.

ಅಮ್ಮ ತಟ್ಟೆಯಿಂದ ತಲೆ ಎತ್ತದೆ, "ಹೋದ ವಾರ ಊಟದ ಜೊತೆ ನಳಿಕೆ ತಿಂದೆ, ಅದಕ್ಕೆ ಮುಂಚೆ ಬುರುಡೆ ತಿಂದೆ. ನಾಳೆ ಏನಾದ್ರೂ ಮೆತ್ತಗಿರೋ ವಿಷಯ ತಾರೆ, ನನಗೆ ಹಲ್ಲಿಲ್ಲ" ಅಂದಳು.

"ಕೆಲಸದ ವಿಷಯ ಅಮ್ಮಾ. ಬೇಡ ಅಂದ್ರೆ ಬಿಡ್ತೀನಿ."

"ನಾನೆಲ್ಲಿ ಬೇಡ ಅಂದೆ? ಅವನ ಅಂಗಿ ಯಾವ ಬಣ್ಣ ಅಂತ ಇವತ್ತು ಹೇಳಲೇ ಇಲ್ಲವಲ್ಲ ಅಂತ ಕಾಯ್ತಾ ಇದೀನಿ."

ಮುದುಕಿಯ ನಾಲಿಗೆ. ನಾನು ಯಾರ ಮಗಳು ಅಂತ ಯಾರೂ ಸಾಕ್ಷಿ ಕೇಳಬೇಕಾಗಿಲ್ಲ.

(ಬೂದು. ತೋಳು ಮಡಚಿದ್ದು.)

ಸೆಪ್ಟೆಂಬರ್ ೨೪

ಇವತ್ತು ಕೆಳಗೆ ಹೋಗಲಿಲ್ಲ. ಹೋಗಲು ಕೆಲಸ ಸಿಗಲಿಲ್ಲ.

ಅಕ್ಟೋಬರ್ ೯, ಬುಧವಾರ

ಜಾಲ ಸಿದ್ಧವಾಯಿತು. ಅದನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ಮರದ ಕೊಂಬೆಗಳ ಹಾಗೆ ಕವಲೊಡೆದ ಕೊಳವೆಗಳು, ಒಂದರ ಬೆಸುಗೆಯೂ ಕಾಣುವುದಿಲ್ಲ, ಗಾಜು ತಾನೇ ಬೆಳೆದ ಹಾಗೆ. ರಸಾಯನಶಾಸ್ತ್ರದವರೆಲ್ಲ ನೋಡಲು ಬಂದರು. ನಿರ್ದೇಶಕರೂ ಇಳಿದು ಬಂದರು. "ಇದೊಂದು ಸಾಕು ಕಣ್ರೀ ಸಮಿತಿಗೆ ತೋರಿಸೋಕೆ. ಇದು ಯೋಜನೆಯಲ್ಲಿ ಇರೋ ತನಕ ಈ ವರ್ಕ್‌ಶಾಪಿಗೆ ಭಯ ಇಲ್ಲ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಮೇಷ್ಟ್ರಿಗೂ ಕೇಳಿಸಿರಬೇಕು. ಬಟ್ಟೆ ತೆಗೆದುಕೊಂಡು, ಒರೆಸಿದ್ದ ಕೊಳವೆಯನ್ನೇ ಮತ್ತೆ ಒರೆಸುತ್ತಿದ್ದರು.

ಹುಡುಗಿ ಹುಳಗಳನ್ನು ಒಳಗೆ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದೆವು. ಹುಳಗಳು ಮೊದಲ ತಿರುವಿನ ತನಕ ಹೋಗಿ, ಮೇಲೆ ಹತ್ತಿ, ಗಾಜಿಗೆ ಅಂಟಿಕೊಂಡು, ಬಾಗಿಲು ಹಾಕಿಕೊಂಡವು.

"ಹೊಸ ಜಾಗ ಅಲ್ವಾ," ಅಂದೆ. "ನಾಚಿಕೆ."

ಅಕ್ಟೋಬರ್ ೨೪, ಗುರುವಾರ

ಇನ್ನೂ ನಾಚಿಕೆ.

ಒದ್ದೆ ಹತ್ತಿ ಇಟ್ಟಳು, ಎಲೆ ಇಟ್ಟಳು, ಗೋಡೆಯ ಪಾಚಿ ಕೆರೆದು ತಂದಿಟ್ಟಳು. ಒಂದೆರಡು ಎದ್ದು, ಅತ್ತಿತ್ತ ನೋಡಿ, ಮತ್ತೆ ಮಲಗಿದವು. ಯೋಜನೆಯ ಪ್ರಕಾರ ಇಷ್ಟು ಹೊತ್ತಿಗೆ ಅರ್ಧ ಅಳತೆಗಳು ಮುಗಿದಿರಬೇಕಿತ್ತು. ಅವಳ ಹಾಳೆಯಲ್ಲಿ ದಿನಾಂಕಗಳ ಮುಂದೆ ಒಂದೇ ಮಾತು: ಅಲ್ಲೇ ಇದೆ.

ಇವತ್ತು ನನ್ನ ಕೋಣೆಯಲ್ಲಿ ಕೂತು ಹೇಳಿದಳು. "ಮೇಡಂ, ಗೋಡೆಗೆ ಹೋಗ್ಲಾ? ಇನ್ನೂ ಟೈಮಿದೆ. ಬದಲಾವಣೆಗೆ ನವೆಂಬರ್ ಎಂಟರ ತನಕ ಅವಕಾಶ ಇದೆ ಅಂತ ನೋಟೀಸಿದೆ."

"ಇನ್ನೊಂದು ವಾರ ನೋಡು. ಅಷ್ಟು ಚೆನ್ನಾಗಿ ಮಾಡಿಕೊಟ್ಟಿದಾರೆ."

"ಅದು ಚೆನ್ನಾಗಿದೆ ಮೇಡಂ. ನನಗೂ ಇಷ್ಟ. ಹುಳಗಳಿಗೆ ಇಷ್ಟ ಇಲ್ಲ." ಎದ್ದು ಬಾಗಿಲ ತನಕ ಹೋದವಳು ತಿರುಗಿ, "ಹಾಸ್ಟೆಲಲ್ಲಿ ಏನಂತಾರೆ ಗೊತ್ತಾ ಮೇಡಂ? ನಿಮ್ಮ ಹತ್ರ ಕವಿತೆ ತಗೊಂಡು ಹೋದ್ರೂ ಗಾಜು ಹಿಡ್ಕೊಂಡು ಬರ್ತೀವಂತೆ" ಅಂದಳು.

ನಕ್ಕೆ. ಜೋಕು ಚೆನ್ನಾಗಿತ್ತು. ಅವಳು ಹೋದ ಮೇಲೆ ಕೊಳಲಿನವನ ಫೈಲು ತೆಗೆದು ನೋಡಿದೆ. ಗಾಜಿನ ಕೊಳಲು ಮೂರು ಸಲ ಒಡೆದಿದೆ. ಬಿದಿರಿನ ವಿಷಯ ಅವನು ಬರೆದ ಮೊದಲ ಪುಟ ಮಾತ್ರ ಓದುವ ಹಾಗಿದೆ. ಮುಚ್ಚಿಟ್ಟೆ.

ನವೆಂಬರ್ ೬, ಬುಧವಾರ

ಕೆಳಗೆ ಹೋದೆ. ಕಾರಣ: ಜಾಲಕ್ಕೆ ಇನ್ನೊಂದು ಕವಲು ಸೇರಿಸಿದರೆ ಹುಳಗಳು ಎಚ್ಚರಾಗಬಹುದೇ ಅಂತ ವಿಚಾರಿಸುವುದು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಬರ್ನರ್ ಆರಿಸಿದರು.

"ಮೇಡಂ, ಒಂದು ಮಾತು. ಈ ವರ್ಷ ಎಲ್ಲರಿಗೂ ಗಾಜು ಯಾಕೆ?"

ನಾನು ಭಾಷಣ ಶುರು ಮಾಡಿದೆ. ವಿಭಾಗ ವಿಭಾಗಗಳ ನಡುವಿನ ಗೋಡೆ ಒಡೆಯಬೇಕು, ಮಕ್ಕಳು ಕೈಕೆಲಸ ಕಲಿಯಬೇಕು, ಇತ್ಯಾದಿ. ಒಳ್ಳೆಯ ಭಾಷಣ, ಇನ್ನೊಂದು ದಿನ ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ. ಅವರು ಗಡಿಯಾರ ನೋಡಲಿಲ್ಲ. ನಾನು ಮುಗಿಸುವ ತನಕ ಕಾದು, ಮುಗಿದ ಮೇಲೂ ಕಾದರು.

"ಆ ಹುಡುಗಿ ದಿನಾ ಬೆಳಿಗ್ಗೆ ಇಲ್ಲಿಗೆ ಬರ್ತಾಳೆ," ಅಂದರು. "ಹುಳಗಳ ಮುಂದೆ ಕೂತು ಸಾರಿ ಕೇಳ್ತಾಳೆ. ನನಗೆ ಬೆನ್ನು ತಿರುಗಿಸಿ ಕೆಲಸ ಮಾಡೋಕಾಗ್ತಿಲ್ಲ. ಗೋಡೆಗೆ ಕಳಿಸಿಬಿಡಿ ಅವಳನ್ನ."

"ಕಳಿಸಿದ್ರೆ ಅವಳ ಯೋಜನೆಯಿಂದ ಗಾಜು ಹೋಗುತ್ತೆ. ಸಮಿತಿ ನೋಡೋದು ಅಂತಿಮ ಯೋಜನೇನ. ಅದರಲ್ಲಿ ಇಲ್ಲದೇ ಇದ್ರೆ ನೀವು ಮಾಡಿದ್ದೂ ಮಾಡದೇ ಇದ್ದ ಹಾಗೆ."

"ಗೊತ್ತು."

"ಜನವರಿಗೆ ಮುಚ್ತಾರೆ ಮೇಷ್ಟ್ರೇ."

"ಗೊತ್ತು ಮೇಡಂ. ಮುಚ್ಚಿದ್ರೆ ನಿಮಗೇನು ನಷ್ಟ?"

ಮಾರಾಟಕ್ಕೆ ಇಳಿದ ಮೊದಲ ವಾರದಿಂದ ಇವತ್ತಿನ ತನಕ, ಎದುರಿನವರು ಏನು ಕೇಳಿದರೂ ನನ್ನ ಹತ್ತಿರ ಉತ್ತರ ತಯಾರು. ಇದಕ್ಕೂ ಇತ್ತು. "ವಿಶ್ವವಿದ್ಯಾಲಯಕ್ಕೆ ನಷ್ಟ ಅಲ್ವಾ," ಅಂದೆ.

ಅವರು ನನ್ನ ಮುಖ ನೋಡುತ್ತಿದ್ದವರು ಬೆಂಚಿನ ಕಡೆ ತಿರುಗಿದರು.

"ಓ," ಅಂದರು. "ವಿಶ್ವವಿದ್ಯಾಲಯಕ್ಕಾ."

ಬೆಂಕಿ ಹೊತ್ತಿಸಿಕೊಂಡರು. ಮೆಟ್ಟಿಲು ಹತ್ತುವಾಗ ಕವಲಿನ ವಿಷಯಕ್ಕೆ ಉತ್ತರ ಸಿಗಲಿಲ್ಲ ಅನ್ನುವುದು ನೆನಪಾಯಿತು. ತಿರುಗಿ ಹೋಗಬಹುದಿತ್ತು.

ನವೆಂಬರ್ ೮, ಶುಕ್ರವಾರ

ಕೊನೆಯ ದಿನ. ಬೆಳಿಗ್ಗೆಯೇ ಹುಳದ ಹುಡುಗಿಯನ್ನು ಕರೆಸಿ ಗೋಡೆಗೆ ಸಹಿ ಹಾಕಿದೆ. ಅವಳು ಕುರ್ಚಿಯಿಂದ ಎದ್ದ ಸದ್ದಿಗೆ ಪಕ್ಕದ ಕೋಣೆಯವರು ಇಣುಕಿದರು. "ಇವತ್ತೇ ಬಿಡ್ತೀನಿ ಮೇಡಂ, ಮಳೆ ಬರೋ ಹಾಗಿದೆ, ಮಳೆ ಬಂದ್ರೆ ಅವಕ್ಕೆ ಹಬ್ಬ!" ಅಂತ ಓಡಿದಳು. ಥ್ಯಾಂಕ್ಸ್ ಹೇಳಲು ಮರೆತಳು. ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಆಮೇಲೆ ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದು, ನಿಜವಾಗಿ ನಿನಗೆ ಏನು ಬೇಕಪ್ಪಾ ಅಂತ ಕೇಳಿದೆ. ಕೊಳಲಿನವನು ಬಿದಿರಿಗೆ ವಾಪಸಾದ. ಗೋಪುರದವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ತನ್ನ ಅಜ್ಜಿ ಅಂಚೆಯಲ್ಲಿ ಹಾಡು ಕಲಿತ ಕಥೆ ಹೇಳಿದ. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ಲ ಮೇಡಂ" ಅಂದ. ಬೀದಿ ದೀಪದವಳು ಮಾತ್ರ ಗಾಜು ಬಿಡಲು ಒಪ್ಪಲಿಲ್ಲ. ಅವಳದು ನಿಜವಾದ ಗಾಜು.

ಒಂದು ದೀಪದ ಬುರುಡೆ ಇಟ್ಟುಕೊಂಡು ಸಮಿತಿಯ ಮುಂದೆ ಯಾರಿಗೂ ನಿಲ್ಲಲಾಗುವುದಿಲ್ಲ. ಅಷ್ಟು ನನಗೆ ಗೊತ್ತು. ಗೊತ್ತಿದ್ದೇ ಸಹಿ ಹಾಕಿದೆ. ಪೆನ್ನಿನ ಮುಚ್ಚಳ ಎಲ್ಲಿ ಹೋಯಿತೋ ಸಿಗಲಿಲ್ಲ, ಇಡೀ ಮಧ್ಯಾಹ್ನ ಹುಡುಕಿದೆ.

ಜನವರಿ ೧೦

ಮುಚ್ಚುವುದೆಂದು ತೀರ್ಮಾನವಾಯಿತು. ತಿಂಗಳ ಕೊನೆಗೆ.

ಜನವರಿ ೩೧, ಶುಕ್ರವಾರ

ಮೇಷ್ಟ್ರು ಹೊರಟರು. ಸಾಮಾನು ಕಟ್ಟಲು ಸಹಾಯ ಮಾಡೋಣ ಅಂತ ಹೋದೆ. ಅಷ್ಟು ಹೊತ್ತಿಗೆ ಎಲ್ಲ ಕಟ್ಟಿ ಆಗಿತ್ತು.

ಹಾಗಾಗಿ ಮಾತಾಡಿದೆ. ಪೆಟ್ಟಿಗೆಯ ಯಾವ ಬದಿ ಮೇಲಿರಬೇಕು ಅಂತ ಬರೆಯಿರಿ ಅಂದೆ, ಬರೆದಾಗಿತ್ತು. ಲಾರಿಯವನು ಅವಸರದವನಾದರೆ ಮುಂಗಡ ಕೊಡಬೇಡಿ ಅಂದೆ. ಗ್ಯಾರೇಜಿಗೆ ಗಾಳಿ ಆಡಲು ಎರಡೂ ಕಡೆ ಕಿಟಕಿ ಇಡಿಸಿ, ಅಕ್ಕನ ಮೊಣಕಾಲು ನೋವಿಗೆ ಎತ್ತರದ ಕುರ್ಚಿ ತೆಗೆದುಕೊಳ್ಳಿ ಅಂದೆ. ಅಕ್ಕನಿಗೆ ಮೊಣಕಾಲು ನೋವಿದೆ ಅಂತ ಅವರು ಯಾವತ್ತೂ ಹೇಳಿಲ್ಲ, ಮೊಣಕಾಲು ನೋವು ನಮ್ಮಮ್ಮನದು. ಅವರು ಎಲ್ಲದಕ್ಕೂ "ಆಗಲಿ ಮೇಡಂ" ಅಂದರು.

ಲಾರಿ ಬಂತು. ಜೀವಶಾಸ್ತ್ರದವರು ಜಾಲವನ್ನು ತಮ್ಮ ಮೊಗಸಾಲೆಗೆ ಇಟ್ಟುಕೊಂಡಿದ್ದಾರೆ, ಶೋಗೆ. ಉಳಿದದ್ದೆಲ್ಲ ಏರಿತು. ಕೊನೆಗೆ ಅವರು ಕೈಚೀಲ ಹೆಗಲಿಗೆ ಹಾಕಿಕೊಂಡು ನಿಂತರು. ನಾನೂ ನಿಂತೆ. ಖಾಲಿ ಕೋಣೆಯಲ್ಲಿ ನನ್ನ ಧ್ವನಿ ಗುಂಯ್ ಅನ್ನುತ್ತಿತ್ತು, ಅದಕ್ಕೆ ಒಂದು ಕ್ಷಣ ನಿಲ್ಲಿಸಿದೆ.

"ಮತ್ತೆ?" ಅಂದರು ಅವರು.

ಅದು ಹೊರಡುವವರು ಹೇಳುವ "ಮತ್ತೆ"ಯೋ, ಮುಂದೆ ಹೇಳು ಅನ್ನುವ "ಮತ್ತೆ"ಯೋ ತಿಳಿಯಲಿಲ್ಲ. "ಹುಷಾರಾಗಿ ಹೋಗಿ ಬನ್ನಿ ಮೇಷ್ಟ್ರೇ" ಅಂದೆ. ನೂರಾರು ಮನೆಯ ಬಾಗಿಲು ತೆರೆಸಿದವಳು.

ಫೆಬ್ರವರಿ ೧೩

ಹುಳದ ಹುಡುಗಿಯ ಮೊದಲ ಕರಡು ಬಂತು. ಚೆನ್ನಾಗಿದೆ. ಕೆಲವು ಮರಳಿದವು, ಕೆಲವು ತೋಟದಲ್ಲೇ ಹೊಸ ಕಲ್ಲು ಹಿಡಿದವು, ಕೆಲವು ಸಿಗಲಿಲ್ಲ. '"ಸಿಗಲಿಲ್ಲ" ಅನ್ನುವುದನ್ನು ಸೋಲು ಅಂತ ಬರೆಯಬೇಡ, ಹುಡುಕಿದ್ದು ಎಲ್ಲಿಯ ತನಕ ಅಂತ ಬರೆ' ಅಂತ ಅಂಚಿನಲ್ಲಿ ಗುರುತು ಹಾಕಿದೆ.

ನೆಲಮಾಳಿಗೆಗೆ ಈಗ ಮುರಿದ ಕುರ್ಚಿಗಳನ್ನು ತುಂಬುತ್ತಿದ್ದಾರೆ. ನನ್ನ ಕೋಣೆಯಿಂದ ಬಸ್ ನಿಲ್ದಾಣಕ್ಕೆ ಆ ಕಡೆಯಿಂದ ಹೋದರೆ ಸುತ್ತು. ಆ ಕಡೆಯಿಂದಲೇ ಹೋಗುತ್ತೇನೆ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು.

ಫೆಬ್ರವರಿ ೨೬, ಬುಧವಾರ

ಅಮ್ಮ ಊಟದ ನಡುವೆ ರೇಡಿಯೋ ಆರಿಸಿದಳು.

"ಏನಾದ್ರೂ ಮಾತಾಡೆ."

"ಏನು ಮಾತಾಡ್ಲಿ?"

"ನಳಿಕೆ, ಬುರುಡೆ, ಏನಾದ್ರೂ. ಈ ಮನೇಲಿ ಇಷ್ಟು ನಿಶ್ಶಬ್ದ ನಿನ್ನ ಅಪ್ಪ ಹೋದಾಗಲೂ ಇರಲಿಲ್ಲ. ಆಗ್ಲೂ ನೀನು ಬಂದವರಿಗೆಲ್ಲ ಕುರ್ಚಿ ಹಾಕಿ ಮಾತಾಡ್ತಿದ್ದೆ."

"ದಣಿವು ಅಮ್ಮಾ. ಕರಡುಗಳ ಕಾಲ."

ಅಮ್ಮ ತಟ್ಟೆ ತಳ್ಳಿದಳು. "ಅವನಿರೋ ಊರಿಗೆ ಎಷ್ಟು ಹೊತ್ತಾಗುತ್ತೆ ಅಂದಿದ್ದೆ?"

"ಬೆಳಿಗ್ಗೆ ಹತ್ತಿದ್ರೆ ಮಧ್ಯಾಹ್ನ."

"ಅಷ್ಟೇನಾ? ನಿನ್ನ ಮುಖ ನೋಡಿದ್ರೆ ಹಡಗು ಹತ್ಬೇಕೇನೋ ಅಂದ್ಕೊಂಡಿದ್ದೆ."

"ಅಲ್ಲಿ ನನಗೇನು ಕೆಲಸ ಅಮ್ಮಾ?"

"ಅದನ್ನ ನಾನು ಹೇಳ್ಬೇಕಾ? ಊರಿನ ಮಕ್ಕಳಿಗೆಲ್ಲ ಕೆಲಸ ಹುಡುಕಿ ಕೊಡೋಳು ನೀನು."

ಮಾರ್ಚ್ ೯, ಭಾನುವಾರ

ನಿನ್ನೆ ಹೋಗಿದ್ದೆ.

ಒಂದು ಕೆಲಸ ಹುಡುಕಿಕೊಂಡೇ ಹೋಗೋಣ ಅಂತ ವಾರವಿಡೀ ಯೋಚಿಸಿದೆ. ಬೀದಿ ದೀಪದವಳಿಗೆ ಇನ್ನೊಂದು ಬುರುಡೆ ಬೇಕಾ ಅಂತ ಕೇಳಿದೆ, ಬೇಡ ಅಂದಳು. ಬೇಕಾಗಬಹುದು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಮ್ಮನನ್ನು ಒಬ್ಬಳನ್ನೇ ಬಿಡುವುದು ಹೇಗೆ ಅಂದರೆ, ಪಕ್ಕದ ಮನೆಯವಳ ಜೊತೆ ಇಸ್ಪೀಟು ಆಡುವುದಕ್ಕೆ ನೀನೇ ಅಡ್ಡಿ ಅಂದಳು. ಹತ್ತಿದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಅಂತ ಕೇಳಿದರು. ಹೇಳಿದೆ. ಯಾರಿದಾರೆ ಅಲ್ಲಿ ಅಂದರು. ಇಂಥ ಪ್ರಶ್ನೆಗೆ ನಾನು ಹಿಂದೆ ಮೂರು ನಿಲ್ದಾಣ ಉತ್ತರ ಕೊಡುತ್ತಿದ್ದೆ. "ಗೊತ್ತಿರೋರು" ಅಂದೆ. ಆಮೇಲೆ ಕಿಟಕಿ ನೋಡಿದೆ. ಹೊಲ, ಇಟ್ಟಿಗೆ ಗೂಡು, ಮತ್ತೆ ಹೊಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಸಿರು ಗೇಟು, ಮುಂದೆ ಗ್ಯಾರೇಜು, ಭೋರ್ ಅನ್ನುವ ಸದ್ದು ಬೀದಿಗೇ ಕೇಳುತ್ತಿತ್ತು. ಎತ್ತರದ ಕುರ್ಚಿಯಲ್ಲಿ ಕೂತು ಒಬ್ಬ ಅಜ್ಜಿ ಬಟ್ಟೆ ಮಡಚುತ್ತಿದ್ದರು.

"ಯಾರು ಬೇಕಿತ್ತಮ್ಮಾ?"

"ಗಾಜಿನ ಮೇಷ್ಟ್ರು."

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ! ತುಂಬಾ ಮಾತಾಡ್ತಾರೆ ಅಂತ ಹೇಳಿದ್ದ. ಇದೇನು, ಎರಡೇ ಮಾತಲ್ಲಿ ಮುಗಿಸಿದ್ರಿ?" ಬಟ್ಟೆಯನ್ನು ಪಕ್ಕಕ್ಕಿಟ್ಟು, "ಹೋಗಿ ಒಳಗೆ. ಕೆಲಸದಲ್ಲಿದ್ರೆ ಕರೆದ್ರೂ ಏಳಲ್ಲ, ಕಾಯ್ಬೇಕು" ಅಂದರು.

ಕೆಲಸದಲ್ಲಿದ್ದರು. ಎರಡೂ ಕೈಯಲ್ಲಿ ಗಾಜು, ಬಾಯಲ್ಲಿ ಊದುವ ರಬ್ಬರ್ ಕೊಳವೆ. ನನ್ನನ್ನು ನೋಡಿದರು. ಬೆಂಕಿಯಲ್ಲಿರುವ ಗಾಜನ್ನು ತಿರುಗಿಸುವುದು ನಿಲ್ಲಿಸಿದರೆ ಅದು ಜೋತುಬೀಳುತ್ತದೆ, ಕೈ ಬಿಡುವ ಹಾಗಿಲ್ಲ, ಬಾಯಿ ಬಿಡುವ ಹಾಗೂ ಇಲ್ಲ. ಹುಬ್ಬಿನಲ್ಲೇ ಒಂದು ಪೆಟ್ಟಿಗೆ ತೋರಿಸಿದರು. ಕೂತೆ. ಕಿವಿ ಕೆಂಪಾಗಿತ್ತು. ಬೆಂಕಿಯ ಹತ್ತಿರ ಕೂತವರಿಗೆ ಹಾಗಾಗುತ್ತದೋ ಏನೋ.

ಎಷ್ಟು ಹೊತ್ತಾಯಿತು ನೋಡಲಿಲ್ಲ. ಗಾಜು ಉಬ್ಬಿತು, ಅವರು ತಿರುಗಿಸಿದರು, ಇನ್ನಷ್ಟು ಉಬ್ಬಿತು. ಏನು ಮಾಡುತ್ತಿದ್ದಾರೆ, ಯಾರಿಗೆ, ವ್ಯಾಪಾರ ಹೇಗಿದೆ, ಒಂದನ್ನೂ ಕೇಳಲಿಲ್ಲ. ಕೊನೆಗೆ ಅದನ್ನು ಒಲೆಯೊಳಗಿಟ್ಟು, ಬಾಯಿಂದ ಕೊಳವೆ ತೆಗೆದು, ಕೈ ಒರೆಸಿಕೊಂಡರು.

"ಯಾವ ಪ್ರಾಜೆಕ್ಟಿಗೆ ಮೇಡಂ?"

"ಪ್ರಾಜೆಕ್ಟ್ ಇಲ್ಲ."

"ಯಾರಿಗೆ ಏನಾಗ್ಬೇಕಿತ್ತು?"

"ಯಾರಿಗೂ ಏನೂ ಇಲ್ಲ. ನಾನೇ ಬಂದೆ."

ಅವರು ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಹೊರಗೆ ಅಕ್ಕನ ಕುರ್ಚಿ ಕಿರ್ ಅಂದಿತು, ಕೇಳಿಸಿಕೊಳ್ಳಲು ಈ ಕಡೆ ವಾಲಿರಬೇಕು.

"ವಾಪಸ್ ಬಸ್ಸು ಎಷ್ಟು ಹೊತ್ತಿಗೆ?" ಅಂತ ಕೇಳಿದರು.

ವರ್ಷದ ಕೆಲಸವನ್ನು ವಾರ ವಾರಕ್ಕೆ ಬಿಡಿಸಿ ಬರೆಯದೆ ಯಾರನ್ನೂ ಬಾಗಿಲು ದಾಟಲು ಬಿಡದವಳು ನಾನು.

"ವಿಚಾರಿಸಿಲ್ಲ," ಅಂದೆ.